ಸಿಪ್ಪೆ ಯಾರದು?

ಬಾಳೆಹಣ್ಣು ಕೊಂಡವರು ಸಿಪ್ಪೆಯನ್ನೂ ಕೊಂಡಿರುತ್ತಾರೆ. ತಕ್ಕಡಿಯಲ್ಲಿ ಹಣ್ಣಿನ ಜೊತೆ ಅದೂ ತೂಗಿದೆ, ಅದಕ್ಕೂ ದುಡ್ಡು ಕೊಟ್ಟಾಗಿದೆ. ಹಣ್ಣು ಬುಟ್ಟಿಯಲ್ಲಿರುವಾಗ ಯಾರಾದರೂ ಕೇಳದೆ ಎತ್ತಿಕೊಂಡರೆ ನಮಗೆ ಮುಖ ಗಂಟಾಗುತ್ತದೆ, ಏಕೆಂದರೆ ಅದು ನಮ್ಮದು. ಸುಲಿದು ತಿಂದ ಮರುಕ್ಷಣ ಕೈಯಲ್ಲಿ ಉಳಿದ ಸಿಪ್ಪೆಯನ್ನು ಮಾತ್ರ ‘ನನ್ನ ಸಿಪ್ಪೆ’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಅದು ‘ಕಸ’. ಕಸಕ್ಕೆ ಒಡೆಯರಿಲ್ಲ. ಒಂದು ನಿಮಿಷದ ಹಿಂದೆ ನನ್ನದಾಗಿದ್ದ ವಸ್ತು ಯಾವ ಕ್ಷಣದಲ್ಲಿ ನನ್ನದಾಗುವುದನ್ನು ನಿಲ್ಲಿಸಿತು? ಹಾಗೆ ನಿಲ್ಲಿಸುವ ಅಧಿಕಾರ ನನಗೆ ಯಾರು ಕೊಟ್ಟರು?

ಕೇಳಲು ಇದು ತೀರಾ ಸಣ್ಣ ಪ್ರಶ್ನೆ. ಆದರೆ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡು, ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಇದರ ಎದುರು ನಿಲ್ಲಲೇಬೇಕು. ಡಬ್ಬಿ ನಾರುತ್ತದೆ, ಹುಳ ಆಗುತ್ತದೆ, ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ, ಗೊಬ್ಬರ ಹಾಕಿದ ಗಿಡವೇ ಹಳದಿಯಾಗುತ್ತದೆ. ಇವೆಲ್ಲ ಕೈತೋಟದ ದಿನನಿತ್ಯದ ತಾಪತ್ರಯಗಳು. ಇವುಗಳ ಒಳಗೆ ಒಂದು ನೈತಿಕ ಪ್ರಶ್ನೆಯೂ ಕೂತಿದೆ ಎಂಬುದು ನನ್ನ ವಾದ.

ಆಸ್ತಿಯ ಬಗ್ಗೆ ಯೋಚಿಸಿದ ತತ್ತ್ವಶಾಸ್ತ್ರಜ್ಞರು ಒಂದು ವಸ್ತು ಹೇಗೆ ನಮ್ಮದಾಗುತ್ತದೆ ಎಂಬುದಕ್ಕೆ ಸಾಕಷ್ಟು ಶಾಯಿ ಖರ್ಚು ಮಾಡಿದ್ದಾರೆ. ಅವರಲ್ಲಿ ಬಹಳ ಪ್ರಸಿದ್ಧವಾದ ಉತ್ತರ ಜಾನ್ ಲಾಕ್‌ನದು. 1689ರಲ್ಲಿ ಪ್ರಕಟವಾದ ಆತನ ಎರಡನೆಯ ಪ್ರಬಂಧದಲ್ಲಿ ಆಸ್ತಿಯ ಕುರಿತೇ ಒಂದು ಅಧ್ಯಾಯವಿದೆ. ಯಾರಿಗೂ ಸೇರದ ಮರದಿಂದ ನಾನು ಹಣ್ಣು ಕಿತ್ತರೆ ನನ್ನ ದುಡಿಮೆ ಅದರೊಳಗೆ ಬೆರೆಯಿತು, ಹಾಗಾಗಿ ಅದು ನನ್ನದು. ಇದು ಆತನ ವಾದದ ತಿರುಳು. ಆದರೆ ಲಾಕ್ ಇದಕ್ಕೊಂದು ಮಿತಿ ಹಾಕುತ್ತಾನೆ. ಕೊಳೆತು ಹೋಗುವ ಮುನ್ನ ನಾನು ಎಷ್ಟು ಬಳಸಬಲ್ಲೆನೋ ಅಷ್ಟೇ ನನ್ನದು. ನನ್ನ ಸುಪರ್ದಿಯಲ್ಲಿ ಹಣ್ಣು ಕೊಳೆತರೆ ಬೇರೆಯವರ ಪಾಲನ್ನು ಕಸಿದ ಹಾಗೆ. ಕೊಳೆತವೇ ಒಡೆತನದ ಗಡಿ, ಕೊಳೆಸುವುದು ಅಪರಾಧ.

ಈ ಮಾತಿನಲ್ಲಿ ದೊಡ್ಡ ನ್ಯಾಯವಿದೆ. ಹಸಿದವರ ಮುಂದೆ ಗೋದಾಮಿನಲ್ಲಿ ಧಾನ್ಯ ಕೊಳೆಸುವವರನ್ನು ಇವತ್ತೂ ನಾವು ಇದೇ ನ್ಯಾಯದಿಂದ ಬೈಯುತ್ತೇವೆ. ಆದರೆ ಲಾಕ್‌ನ ಲೆಕ್ಕದಲ್ಲಿ ಸಿಪ್ಪೆ ಎಲ್ಲಿಯೂ ಬರುವುದಿಲ್ಲ. ಹಣ್ಣು ತಿಂದ ಮೇಲೆ ಅವನ ಕತೆ ಮುಗಿಯಿತು. ಪಡೆಯುವುದಕ್ಕೆ ಅವನಲ್ಲಿ ನಿಯಮವಿದೆ, ಹಾಳುಮಾಡುವುದಕ್ಕೂ ಇದೆ, ಬಿಡುವುದಕ್ಕೆ ಮಾತ್ರ ಇಲ್ಲ. ನಮ್ಮ ಕಾನೂನು, ನಮ್ಮ ಮನೆಯ ಮಾತುಕತೆ ಎರಡರಲ್ಲೂ ಬಹುಕಾಲ ಇದೇ ಖಾಲಿ ಇತ್ತು. ಹೊಲದ ಬದುವಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದ ಮನೆತನಗಳಿವೆ. ಆ ಹೊಲದಿಂದ ಬಂದ ತರಕಾರಿಯ ಸಿಪ್ಪೆ ಎಲ್ಲಿ ಹೋಯಿತು ಎಂದು ಕೇಳಿದರೆ ಅದೇ ಮನೆತನಗಳು ನಗುತ್ತವೆ.

ಹೀಗೆ ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕಾಗುತ್ತದೆ. ಬೆಂಗಳೂರಿನ ಮಟ್ಟಿಗೆ ಅದನ್ನು ತುಂಬಿದ್ದು ಮಾವಳ್ಳಿಪುರ ಮತ್ತು ಮಂಡೂರಿನಂಥ ಹಳ್ಳಿಗಳು. ನಗರದ ಮನೆಗಳಿಂದ ಹೊರಟ ಕಸ ವರ್ಷಗಟ್ಟಲೆ ಅಲ್ಲಿ ಗುಡ್ಡವಾಯಿತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಅದೇ ವರ್ಷ ಹೈಕೋರ್ಟ್ ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಕಡ್ಡಾಯ ಮಾಡಿತು. 2014ರಲ್ಲಿ ಮಂಡೂರಿನ ಜನ ಇನ್ನು ಲಾರಿ ಬಿಡುವುದಿಲ್ಲ ಎಂದು ರಸ್ತೆಗೆ ಬಂದರು. ಆ ಊರಿನವರು ಕೇಳಿದ ಪ್ರಶ್ನೆಯನ್ನು ಸರಳವಾಗಿ ಹೀಗೆ ಹೇಳಬಹುದು: ನೀವು ‘ನಮ್ಮದಲ್ಲ’ ಎಂದು ಬಿಟ್ಟದ್ದು ‘ನಮ್ಮದು’ ಹೇಗಾಯಿತು? ನಾವು ದಿನವೂ ‘ಹೊರಗೆ ಹಾಕಿ ಬಾ’ ಎನ್ನುತ್ತೇವಲ್ಲ, ಆ ಹೊರಗೆ ಎಂಬುದು ಇನ್ನೊಬ್ಬರ ಊರು. ಅಲ್ಲಿಯೂ ಬಾವಿಯಿದೆ, ಮಕ್ಕಳಿದ್ದಾರೆ, ಅಂಗಳದಲ್ಲಿ ಕುಂಡಗಳಿವೆ.

ವಿಪರ್ಯಾಸವೆಂದರೆ, ಕೃಷಿ ಪಠ್ಯಪುಸ್ತಕಗಳಲ್ಲಿ ಬೆಂಗಳೂರಿನ ಹೆಸರು ಗೊಬ್ಬರದ ಜೊತೆಗೇ ಅಂಟಿಕೊಂಡಿದೆ. ಗೊಬ್ಬರದ ವಿಧಾನಗಳ ಪಾಠದಲ್ಲಿ ಎರಡು ಊರುಗಳು ಬರುತ್ತವೆ. ಒಂದು ‘ಇಂದೋರ್ ಪದ್ಧತಿ’. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ಯಶವಂತ ವಾಡ್ ಅವರ ಜೊತೆ ಸೇರಿ ರೂಪಿಸಿ, 1931ರಲ್ಲಿ ಇಬ್ಬರ ಹೆಸರಿನಲ್ಲೂ ಪುಸ್ತಕವಾಗಿ ಬಂದದ್ದು. ಹಸಿರು, ಒಣ ಕಸ ಮತ್ತು ಸಗಣಿಯನ್ನು ಪದರ ಪದರವಾಗಿ ಒಟ್ಟಿ, ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮ ಅದು. ಭಾರತದ ರೈತರೂ ಬೆಳೆಗೆ ಬೀಳುವ ಕೀಟಗಳೂ ತನ್ನ ಗುರುಗಳು ಎಂದು ಹೊವಾರ್ಡ್ ಬರೆದುಕೊಂಡಿದ್ದಾನೆ. ಇನ್ನೊಂದು ‘ಬೆಂಗಳೂರು ಪದ್ಧತಿ’. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ್ದು. ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವುದು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಇದೇ ನಗರದಲ್ಲಿ ಶುರುವಾಯಿತು. ಅಂದರೆ ನಮಗೆ ವಿದ್ಯೆಯ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ‘ಇದು ನನ್ನದು’ ಎಂದು ಹೇಳುವವರಿಗೆ.

ಹಳ್ಳಿಯಲ್ಲಿ ಹಾಗಿರಲಿಲ್ಲ ಎಂದು ಇಲ್ಲಿ ಯಾರಾದರೂ ಹೇಳಬಹುದು. ನಿಜ, ಹಳ್ಳಿಯಲ್ಲಿ ಪ್ರತಿ ಮನೆಗೂ ಅದರದೇ ತಿಪ್ಪೆ. ‘ಅವರ ತಿಪ್ಪೆ’, ‘ಇವರ ತಿಪ್ಪೆ’ ಎಂದು ಗುರುತು ಹೇಳುವಷ್ಟು ಅದು ಖಾಸಗಿ ಆಸ್ತಿ. ತಿಪ್ಪೆಯ ಎತ್ತರ ನೋಡಿ ಮನೆಯಲ್ಲಿ ದನಕರು ಎಷ್ಟಿವೆ ಎಂದು ಅಂದಾಜು ಮಾಡುವವರಿದ್ದರು. ದೀಪಾವಳಿಯಲ್ಲಿ ಬಾವಿಕಟ್ಟೆಗೆ, ಕೊಟ್ಟಿಗೆಗೆ ಇಟ್ಟ ಹಾಗೆ ಹಲವು ಕಡೆ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಚಿತ್ರದುರ್ಗ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪಣ್ಣರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ದೇವರ ಹೆಸರಿನಲ್ಲೇ ತಿಪ್ಪೆ ಇರುವ ಭಾಷೆ ನಮ್ಮದು. ಅದೇ ಭಾಷೆಯಲ್ಲಿ ‘ತಿಪ್ಪೆ ಸಾರಿಸುವುದು’ ಎಂದರೆ ಕೊಳಕನ್ನು ಮೇಲೆ ಮೇಲೆ ಮುಚ್ಚಿಹಾಕುವುದು ಎಂಬ ಅರ್ಥವೂ ಇದೆ.

ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಇನ್ನೂ ಸ್ಪಷ್ಟವಾದ ಲೆಕ್ಕವಿತ್ತು. ತೋಟಕ್ಕೆ ಸೊಪ್ಪು, ದರಕು ತರಲು ‘ಸೊಪ್ಪಿನ ಬೆಟ್ಟ’ದ ಹಕ್ಕು ಕೊಡುತ್ತಿದ್ದರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಒಂದು ಎಕರೆಯ ಹಸಿರಿನ ಹಿಂದೆ ಒಂಬತ್ತು ಎಕರೆಯ ಎಲೆ ಉದುರಬೇಕು. ಕುಂಡದಲ್ಲಿ ಟೊಮೆಟೊ ಬೆಳೆದು ‘ಇದು ಪೂರ್ತಿ ನಮ್ಮನೆಯದು’ ಎಂದು ಬೀಗುವಾಗ ನೆನಪಿಸಿಕೊಳ್ಳಬೇಕಾದ ಲೆಕ್ಕ ಇದು. ಯಾವ ಗಿಡವೂ ತನ್ನ ಕುಂಡದೊಳಗಿಂದಲೇ ಬೆಳೆಯುವುದಿಲ್ಲ. ಅದರ ಬೆನ್ನಿಗೆ ಎಲ್ಲೋ ಒಂದು ಬೆಟ್ಟ ಇದ್ದೇ ಇರುತ್ತದೆ.

ಆದರೂ ಹಳ್ಳಿಯ ತಿಪ್ಪೆಯನ್ನು ಆದರ್ಶ ಮಾಡಿ ಕೂರಿಸಲು ನನಗೆ ಮನಸ್ಸಿಲ್ಲ. ತಿಪ್ಪೆ ಯಜಮಾನನದಾದರೂ ಹೆಡಿಗೆ ತುಂಬ ಗೊಬ್ಬರ ಹೊತ್ತ ತಲೆ ಯಜಮಾನನದಾಗಿರಲಿಲ್ಲ. ಅದು ಹೆಂಗಸರ ತಲೆ, ಜೀತದಾಳಿನ ತಲೆ. ಬೆಂಗಳೂರು ಪದ್ಧತಿಯ ಗುಂಡಿಗೆ ಬೇಕಿದ್ದ ಮಲ ತಾನಾಗಿ ನಡೆದು ಬರುತ್ತಿರಲಿಲ್ಲ. ಮಲ ಹೊರುವುದೇ ಒಂದು ಜಾತಿಯ ಬದುಕಾಗಿದ್ದ ಕಾಲ ಅದು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು. ಹಾಗಾಗಿ ‘ಕಸವೆಲ್ಲ ಮಣ್ಣಿಗೆ ಮರಳಬೇಕು’ ಎಂಬ ಚಂದದ ಮಾತು ಕೇಳಿದಾಗಲೆಲ್ಲ, ಅದನ್ನು ಮರಳಿಸುವ ಕೈ ಯಾರದು ಎಂದು ಕೇಳುವುದನ್ನು ಬಿಡಬಾರದು.

ಈ ಪ್ರಶ್ನೆಯ ಬಗ್ಗೆ ನಮ್ಮಲ್ಲಿ ದೊಡ್ಡ ವಾಗ್ವಾದವೇ ನಡೆದಿದೆ. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಪೊರಕೆ ಹಿಡಿದು ತಾವೇ ಪಾಯಿಖಾನೆ ತೊಳೆದದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಆಶ್ರಮಗಳಲ್ಲಿ ಈ ಕೆಲಸ ಎಲ್ಲರ ಪಾಳಿಯಾಯಿತು. ಅಂಬೇಡ್ಕರ್ ಅವರಿಗೆ ಇದರಲ್ಲಿ ಒಂದು ಅಪಾಯ ಕಂಡಿತು. 1945ರ ತಮ್ಮ ಪುಸ್ತಕದಲ್ಲಿ ಅವರು ಗಾಂಧೀಜಿಯನ್ನು ನೇರವಾಗಿ ಎದುರಿಸುತ್ತಾರೆ. ಹುಟ್ಟಿನಿಂದ ಈ ಕೆಲಸಕ್ಕೆ ಕಟ್ಟಿಹಾಕಿದವರ ಮುಂದೆ ನಿಂತು ‘ಇದು ಬಹಳ ಶ್ರೇಷ್ಠವಾದ ಸೇವೆ’ ಎನ್ನುವುದು ಅವರನ್ನು ಅಣಕಿಸಿದಂತೆ ಎಂಬುದು ಅವರ ಆಕ್ಷೇಪಣೆಯ ಸಾರ. ಆಯ್ದುಕೊಂಡು ಕೊಳಕು ಮುಟ್ಟುವವನಿಗೆ ಅದು ವ್ರತ. ಆಯ್ಕೆಯೇ ಇಲ್ಲದೆ ಮುಟ್ಟುವವನಿಗೆ ಅದು ಶಿಕ್ಷೆ. ವ್ರತದ ಮಾತಿನಿಂದ ಶಿಕ್ಷೆಗೆ ಸಮಾಧಾನ ಹೇಳಲಾಗದು.

ಇವತ್ತಿನ ತಾರಸಿ ತೋಟಗಾರರಾದ ನಮಗೆ ಈ ಮಾತು ಬಹಳ ಹತ್ತಿರ ಬಂದು ತಾಗುತ್ತದೆ. ಅಂಚೆಯಲ್ಲಿ ತರಿಸಿಕೊಂಡ ಚಂದದ ಟೆರಾಕೋಟಾ ಮಡಕೆಯಲ್ಲಿ ನಾನು ಸಿಪ್ಪೆ ಕೊಳೆಸಿದರೆ ಅದು ‘ಪರಿಸರಪ್ರಜ್ಞೆ’. ಫೋಟೊ ತೆಗೆದು ಹಾಕಿದರೆ ಮೆಚ್ಚುಗೆ ಬರುತ್ತದೆ. ಅದೇ ಸಿಪ್ಪೆಯನ್ನು ಬೆಳಗ್ಗೆ ಆರು ಗಂಟೆಗೆ ಕೈಗಾಡಿಗೆ ಸುರಿಯುವ ಪೌರಕಾರ್ಮಿಕ ಹೆಂಗಸಿಗೆ ಕುಡಿಯಲು ನೀರು ಕೊಡುವಾಗ ಲೋಟ ಬೇರೆ ಹುಡುಕುವ ಮನೆಗಳು ಇನ್ನೂ ಇವೆ. ವಸ್ತು ಒಂದೇ, ಕೊಳೆಯುವ ಕ್ರಿಯೆಯೂ ಒಂದೇ. ಕೈ ಬೇರೆಯಾದೊಡನೆ ಒಂದು ಕಡೆ ಪುಣ್ಯ, ಇನ್ನೊಂದು ಕಡೆ ಮೈಲಿಗೆ. ಕೊಳಕು ಎಂದರೆ ತನ್ನ ಜಾಗ ತಪ್ಪಿದ ವಸ್ತು ಎಂಬ ವಿಚಾರವನ್ನು ಮೇರಿ ಡಗ್ಲಾಸ್ 1966ರಲ್ಲಿ ಶುದ್ಧ-ಅಶುದ್ಧಗಳ ಕುರಿತ ತನ್ನ ಪುಸ್ತಕದಲ್ಲಿ ಬೆಳೆಸಿದಳು. ನಮ್ಮ ದೇಶದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಆ ಜಾಗ ಯಾವುದೆಂದು ಮೊದಲೇ ಯಾರೋ ಬರೆದಿಟ್ಟಿದ್ದಾರೆ.

ನಮ್ಮ ಬೀದಿಗೆ ಬರುವ ಪೌರಕಾರ್ಮಿಕರೊಬ್ಬರ ಹತ್ತಿರ, ಹಸಿ ಕಸ ಕೊಡುವುದನ್ನು ನಿಲ್ಲಿಸಿ ಒಣ ಕಸ ಮಾತ್ರ ಕೊಡತೊಡಗಿದ ಮೇಲೆ ಏನಾದರೂ ವ್ಯತ್ಯಾಸ ಆಯಿತೇ ಎಂದು ಕೇಳಿದ್ದೆ. ಮಣ್ಣು, ಪರಿಸರ, ಯಾವುದೂ ಅವರ ಮಾತಿನಲ್ಲಿ ಬರಲಿಲ್ಲ. ‘ನಿಮ್ ಚೀಲದೊಳಗೆ ಕೈ ಹಾಕೋಕೆ ಭಯ ಇಲ್ಲ ಕಣಕ್ಕ, ಅಷ್ಟೇ’ ಎಂದರು. ಮಿಕ್ಕ ಮನೆಗಳ ಚೀಲದಲ್ಲಿ ಅನ್ನದ ಮುದ್ದೆಯೊಳಗೆ ಬ್ಲೇಡು ಇರುತ್ತದೆ, ಒಡೆದ ಗಾಜು ಇರುತ್ತದೆ. ನಾನು ಓದಿದ ಆಸ್ತಿಯ ಸಿದ್ಧಾಂತಗಳಿಗಿಂತ ಈ ಒಂದು ಮಾತು ಸಮಸ್ಯೆಯ ಗಂಟಿಗೆ ಹತ್ತಿರವಾಗಿತ್ತು. ಬಿಟ್ಟ ವಸ್ತು ಯಾವುದೋ ಕೈಗೆ ಹೋಗುತ್ತದೆ. ಆ ಕೈಯನ್ನು ನೆನೆದು ಬಿಟ್ಟೆನೋ ಮರೆತು ಬಿಟ್ಟೆನೋ ಎಂಬುದೇ ನೀತಿಯ ಪ್ರಶ್ನೆ.

ಹೀಗೆ ನೋಡಿದಾಗ ಗೊಬ್ಬರದ ಡಬ್ಬಿಯ ಸಾಮಾನ್ಯ ತೊಂದರೆಗಳು ಬೇರೆಯಾಗಿ ಕಾಣತೊಡಗುತ್ತವೆ.

ಮೊದಲನೆಯದು ವಾಸನೆ. ಬಾಡಿಗೆ ಮನೆಯ ಕೆಳಗಿನ ಮಹಡಿಯಲ್ಲಿರುವ ಆಂಟಿ ಒಮ್ಮೆ ಮೆಟ್ಟಿಲ ಮೇಲೆ ತಡೆದು, ‘ಏನಮ್ಮಾ, ಮನೆಯೊಳಗೇ ತಿಪ್ಪೆ ಹಾಕಿಕೊಂಡಿದೀಯಂತೆ? ಪುಣ್ಯ ನಿಂದು, ವಾಸನೆ ನಮಗಾ?’ ಎಂದು ಕೇಳಿದರು. ಡಬ್ಬಿ ಅವತ್ತು ನಾರುತ್ತಿರಲಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು. ಒಬ್ಬರ ಒಳ್ಳೆಯ ಕೆಲಸಕ್ಕೆ ಇನ್ನೊಬ್ಬರ ಮೂಗು ತೆರಿಗೆ ಕಟ್ಟಬಾರದು. ನನ್ನ ಸಿಪ್ಪೆಯ ಭಾರ ಮಂಡೂರಿಗೆ ಹೋಗಬಾರದು ಎಂಬ ತರ್ಕ ಒಪ್ಪುವುದಾದರೆ, ಅದು ಕೆಳಮಹಡಿಗೂ ಹೋಗಬಾರದು.

ಅದೃಷ್ಟಕ್ಕೆ ಈ ಸಮಸ್ಯೆಗೆ ಪರಿಹಾರವಿದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಒಂದು ಪ್ರಮಾಣದಲ್ಲಿ ಬೇಕು: ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ನೀರೂ ಜಾಸ್ತಿ. ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಇವುಗಳಲ್ಲಿ ಇಂಗಾಲ ಜಾಸ್ತಿ. ಆದ್ದರಿಂದ ಒಂದು ಬಟ್ಟಲು ಸಿಪ್ಪೆ ಹಾಕಿದಾಗಲೆಲ್ಲ ಮೇಲೊಂದು ಬಟ್ಟಲು, ತರಗೆಲೆಯಾದರೆ ಎರಡು ಬಟ್ಟಲು, ಒಣ ಪದಾರ್ಥ ಮುಚ್ಚಬೇಕು. ಮೂಗಿಗೆ ಚುಚ್ಚುವ ಅಮೋನಿಯ ವಾಸನೆ ಬಂದರೆ ಒಣದು ಸಾಲದು ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ನೀರು ನಿಂತಿದೆ ಎಂದರ್ಥ. ಆಗ ಕೋಲಿನಿಂದ ಚೆನ್ನಾಗಿ ಮಗುಚಿ ಒಣ ಎಲೆ ಬೆರೆಸಬೇಕು. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಬೇಕು. ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಹೆಚ್ಚು, ಪುಡಿಯಾಗಿ ಉದುರಿದರೆ ಕಡಿಮೆ. ಶುರುವಿಗೆ ಒಂದಿಷ್ಟು ಹುಳಿ ಮಜ್ಜಿಗೆಯೋ ಹಳೆಯ ಗೊಬ್ಬರವೋ ಬೆರೆಸಿದರೆ ಕೆಲಸ ಬೇಗ ಹಿಡಿಯುತ್ತದೆ. ಎಣ್ಣೆಯ ಪದಾರ್ಥ, ಮಾಂಸ, ಮೂಳೆ ಸಣ್ಣ ಡಬ್ಬಿಗೆ ಬೇಡ.

ಎರಡನೆಯದು ಹುಳ. ಡಬ್ಬಿಯಲ್ಲಿ ಬೂದು ಬಣ್ಣದ ದಪ್ಪ ಮರಿಹುಳಗಳು ಮಿಜಿಗುಟ್ಟುವುದನ್ನು ಕಂಡವರು ಮೊದಲ ದಿನವೇ ಡಬ್ಬಿ ಎಸೆದುಬಿಡುವುದುಂಟು. ಅವು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ದೊಡ್ಡದಾದ ಮೇಲೆ ನಮ್ಮ ಊಟದ ಮೇಲೆ ಕೂರುವ ಜಾತಿಯೂ ಅಲ್ಲ. ಕೊಳೆಯುವ ಕೆಲಸವನ್ನು ನಾಲ್ಕು ಪಟ್ಟು ಚುರುಕಾಗಿ ಮುಗಿಸಿಕೊಡುತ್ತವೆ ಎಂದು ಅನ್ನಿಸುವಷ್ಟು ಹೊಟ್ಟೆಬಾಕ ಜೀವಿಗಳು. ಬೇಡವೆನಿಸಿದರೆ ಒಣ ಎಲೆ ಹೆಚ್ಚಿಸಿದರೆ ತಾವಾಗಿ ಕಡಿಮೆಯಾಗುತ್ತವೆ. ಉಪ್ಪು ಸುರಿಯುವುದು, ಫಿನೈಲ್ ಹಾಕುವುದು ಬೇಡ. ನಮ್ಮ ಅಸಹ್ಯ ಅವುಗಳ ತಪ್ಪಲ್ಲ. ಅಸಹ್ಯ ಎಷ್ಟರ ಮಟ್ಟಿಗೆ ಕಲಿತದ್ದು ಎಂಬುದು ಎರಡು ವಾರ ನೋಡಿದರೆ ಗೊತ್ತಾಗುತ್ತದೆ. ಮೂರನೇ ವಾರಕ್ಕೆ ಅವು ಹುಳ ಎನ್ನಿಸದೆ ಕೆಲಸಗಾರರು ಎನ್ನಿಸತೊಡಗುತ್ತವೆ. ಮನುಷ್ಯರ ವಿಷಯದಲ್ಲಿಯೂ ನಮ್ಮ ಅಸಹ್ಯಗಳು ಇಷ್ಟೇ ಕಲಿತವು, ಇಷ್ಟೇ ಮರೆಯಬಹುದಾದವು ಎಂದು ನಾನು ನಂಬಿದ್ದೇನೆ.

ಮೂರನೆಯ ತೊಂದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು: ಗೊಬ್ಬರ ಹಾಕಿದ ಮೇಲೆ ಗಿಡ ಹಳದಿಯಾಗುವುದು. ಅರ್ಧ ಕೊಳೆತ ಗೊಬ್ಬರವನ್ನು ಬೇರಿನ ಹತ್ತಿರ ಹಾಕಿದರೆ, ಕೊಳೆಸುವ ಕೆಲಸ ಮುಗಿಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಕೊಡಲು ಹೋದದ್ದು ಕಸಿದುಕೊಂಡಂತಾಗುತ್ತದೆ. ಇನ್ನು ಕೆಲವರದು ಅತಿಪ್ರೀತಿ. ವಾರಕ್ಕೊಮ್ಮೆ ಗೊಬ್ಬರ ಹಾಕಿ, ದಿನಕ್ಕೆರಡು ಸಲ ನೀರು ಹಾಕಿ ಕರಿಬೇವಿನ ಬೇರು ಕೊಳೆಸುತ್ತಾರೆ. ಸಾರಜನಕ ಜಾಸ್ತಿಯಾದ ದಾಸವಾಳ ಮೆತ್ತಗೆ ಸೊಂಪಾಗಿ ಚಿಗುರುತ್ತದೆ, ಆ ಮೆತ್ತನೆಯ ಚಿಗುರಿಗೆ ಹಿಟ್ಟು ತಿಗಣೆಯೂ ಸಸ್ಯಹೇನೂ ಮುತ್ತುತ್ತವೆ. ಹತ್ತು-ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೆ ಒಂದೆರಡು ಹಿಡಿ ಚೆನ್ನಾಗಿ ಮಾಗಿದ ಗೊಬ್ಬರ ಸಾಕು. ಹೊಸ ಕುಂಡ ತುಂಬುವಾಗ ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು.

ಈ ಮೂರು ತೊಂದರೆಗಳ ರಚನೆ ಒಂದೇ. ವಾಸನೆಯಲ್ಲಿ ಪಕ್ಕದವರ ಮೂಗು, ಚೀಲದ ಬ್ಲೇಡಿನಲ್ಲಿ ಪೌರಕಾರ್ಮಿಕರ ಬೆರಳು, ಹಸಿ ಗೊಬ್ಬರದಲ್ಲಿ ಗಿಡದ ಬೇರು. ಮೂರೂ ಕಡೆ ಕೆಲಸ ಮುಗಿಯಿತು ಎಂದು ತೀರ್ಮಾನಿಸಿದ್ದು ಬಿಡುವವರು. ಸ್ವೀಕರಿಸುವವರನ್ನು ಯಾರೂ ಕೇಳಲಿಲ್ಲ. ‘ನನಗೆ ಬೇಡವಾಯಿತು’ ಎಂಬುದು ಒಂದು ಘಟನೆ. ‘ಇನ್ನೊಬ್ಬರಿಗೆ ಆಗಿಬರುವಂತಾಯಿತು’ ಎಂಬುದು ಬೇರೆಯೇ ಘಟನೆ. ಇವೆರಡರ ನಡುವಿನ ಕಾಲವೇ ಕಸ. ಆ ಕಾಲದಲ್ಲಿ ವಸ್ತು ಯಾರದು ಎಂದರೆ, ಬೇಡವೆಂದವರದೇ. ಬೇಡ ಎನ್ನುವುದರಿಂದ ಒಡೆತನದ ಸುಖ ಹೋಗಬಹುದು, ಹೊಣೆ ಹೋಗುವುದಿಲ್ಲ.

ಲಾಕ್‌ನ ನಿಯಮಕ್ಕೆ ಇದು ಪೂರಕವಾಗುತ್ತದೆ ಎಂದುಕೊಂಡಿದ್ದೇನೆ. ಕೊಳೆತದ ಹಂತಕ್ಕೆ ಒಡೆತನ ನಿಂತಿತು ಎಂದು ಅವನು ಹೇಳಿದ. ಅಲ್ಲಿಂದ ಮುಂದೆ ಇನ್ನೊಂದು ಬಗೆಯ ಒಡೆತನ ಶುರುವಾಗುತ್ತದೆ ಎಂದು ಗೊಬ್ಬರದ ಡಬ್ಬಿ ಹೇಳುತ್ತದೆ. ಅದರಲ್ಲಿ ಹಕ್ಕು ಏನೂ ಇಲ್ಲ, ಬಾಧ್ಯತೆ ಮಾತ್ರ ಇದೆ. ಎಸೆಯುವುದಕ್ಕೂ ಕೊಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಎಸೆಯುವವರು ಬೆನ್ನು ತಿರುಗಿಸಬಹುದು. ಕೊಡಬೇಕಾದರೆ ಎದುರಿನವರ ಕೈ ನೋಡಲೇಬೇಕು.

ಇದಕ್ಕೆ ಆಕ್ಷೇಪಣೆಗಳಿವೆ. ಲಕ್ಷಾಂತರ ಮನೆಗಳ ನಗರದಲ್ಲಿ ನನ್ನ ಒಂದು ಡಬ್ಬಿಯಿಂದ ಏನಾದೀತು ಎಂಬುದು ಒಂದು. ಎರೆಹುಳದ ಬಗ್ಗೆ ಡಾರ್ವಿನ್ 1881ರಲ್ಲಿ, ಸಾಯುವ ಹಿಂದಿನ ವರ್ಷ, ಒಂದು ಪುಸ್ತಕ ಪ್ರಕಟಿಸಿದ. ಹೊಲದ ಮೇಲ್ಮಣ್ಣನ್ನೆಲ್ಲ ಎರೆಹುಳಗಳೇ ಮಾಡುತ್ತವೆ ಎಂಬ ಅವನ ಹಳೆಯ ವಾದವನ್ನು, ಅಷ್ಟು ಸಣ್ಣ ದುರ್ಬಲ ಜೀವಿಯಿಂದ ಅಷ್ಟು ದೊಡ್ಡ ಕೆಲಸ ಹೇಗಾದೀತು ಎಂದು ಒಬ್ಬರು ತಳ್ಳಿಹಾಕಿದ್ದರು. ಮತ್ತೆ ಮತ್ತೆ ನಡೆಯುವ ಸಣ್ಣ ಕಾರಣಗಳ ಒಟ್ಟು ಮೊತ್ತ ಹಾಕಲು ಬಾರದಿರುವುದೇ ವಿಜ್ಞಾನಕ್ಕೆ ಎಷ್ಟೋ ಸಲ ಅಡ್ಡಿಯಾಗಿದೆ ಎಂಬುದು ಡಾರ್ವಿನ್ನನ ಉತ್ತರ. ಈ ಉತ್ತರ ನನಗೆ ಇಷ್ಟ, ಆದರೆ ಅದರ ಷರತ್ತನ್ನು ಮರೆಯಬಾರದು. ಹುಳಗಳು ಬಹಳ ಇದ್ದುದರಿಂದ ಮಣ್ಣಾಯಿತು. ಒಂದೇ ಹುಳ ಇದ್ದಿದ್ದರೆ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಡಬ್ಬಿ ನಗರವನ್ನು ಉಳಿಸುತ್ತದೆ ಎಂದು ನಾನು ಹೇಳಲಾರೆ. ನನ್ನ ಸಿಪ್ಪೆಯ ಮಟ್ಟಿಗೆ ಮಂಡೂರಿನವರ ಪ್ರಶ್ನೆಗೆ ಉತ್ತರವಿದೆ ಎಂದಷ್ಟೇ ಹೇಳಬಹುದು. ಫಲಿತಾಂಶ ಸಣ್ಣದಾದ ಮಾತ್ರಕ್ಕೆ ಸಾಲ ಇಲ್ಲವಾಗುವುದಿಲ್ಲ. ಹತ್ತು ರೂಪಾಯಿ ಸಾಲವೂ ಸಾಲವೇ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಹತ್ತಡಿ ಹತ್ತಡಿಯ ಒಂದೇ ಕೋಣೆಯಲ್ಲಿ ಐದು ಜನ ಬದುಕುವವರಿಗೆ ಗೊಬ್ಬರದ ಡಬ್ಬಿ ಎಲ್ಲಿಡಲು ಹೇಳುತ್ತೀರಿ? ಹೇಳಬಾರದು. ಬಾಲ್ಕನಿ ಇರುವವರ ಕರ್ತವ್ಯವನ್ನು ಬಾಲ್ಕನಿ ಇಲ್ಲದವರ ನೈತಿಕತೆಯ ಅಳತೆಗೋಲು ಮಾಡುವುದು ತಿಪ್ಪೆ ಸಾರಿಸುವ ಕೆಲಸವೇ. ಕಸ ಹೆಚ್ಚು ಮಾಡುವವರ ಹೊಣೆ ಹೆಚ್ಚು. ಮದುವೆ ಛತ್ರ, ಹೋಟೆಲು, ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಜಾಗವೂ ಇದೆ, ಹಣವೂ ಇದೆ. ಸಿಪ್ಪೆಯನ್ನು ಮಡಕೆಗೆ ಹಾಕಿ, ಅದೇ ದಿನ ಮೂರು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಊಟ ತರಿಸಿಕೊಂಡರೆ ಮಡಕೆ ಪ್ರಾಯಶ್ಚಿತ್ತದ ಚೀಟಿಯಾಗುತ್ತದೆ. ಒಂದು ಕೋಣೆಯ ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ, ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕೊಡುವವರು ಎದುರಿನ ಕೈಯನ್ನು ನೋಡಿಯೇ ಕೊಟ್ಟವರು. ಗೊಬ್ಬರ ಮಾಡುವುದು ಈ ನೋಟದ ಒಂದು ರೂಪ ಅಷ್ಟೇ.

ಕೊನೆಗೆ, ಗೊಬ್ಬರ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಬಣ್ಣ ಕಪ್ಪಾಗಿರಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಾಕಿದ ಸಿಪ್ಪೆಯ ಗುರುತು ಸಿಗಬಾರದು, ಮುಟ್ಟಿದರೆ ಬಿಸಿ ಇರಬಾರದು. ಹೆಚ್ಚುಕಡಿಮೆ ಎರಡು ತಿಂಗಳು ಬೇಕು, ಮೇಲೆ ಒಂದೆರಡು ವಾರ ಸುಮ್ಮನೆ ಬಿಟ್ಟರೆ ಇನ್ನೂ ಒಳ್ಳೆಯದು. ಇಷ್ಟಾದರೂ ಅನುಮಾನವಿದ್ದರೆ ಒಂದು ತಟ್ಟೆಯಲ್ಲಿ ಸ್ವಲ್ಪ ಗೊಬ್ಬರ ಹರಡಿ, ನೀರು ಚಿಮುಕಿಸಿ, ಹತ್ತು ಕಾಳು ಮೆಂತ್ಯ ಹಾಕಿ ನಾಲ್ಕೈದು ದಿನ ನೋಡಬೇಕು. ನಮ್ಮ ಅವಸರ, ನಮ್ಮ ಕ್ಯಾಲೆಂಡರು, ನಮ್ಮ ಪುಣ್ಯದ ಲೆಕ್ಕ ಯಾವುದನ್ನೂ ಮೆಂತ್ಯ ಕೇಳುವುದಿಲ್ಲ. ಎಂಟೋ ಒಂಬತ್ತೋ ಕಾಳು ಹಸಿರಾಗಿ ತಲೆ ಎತ್ತಿದರೆ ಅದನ್ನು ಗಿಡಕ್ಕೆ ಕೊಡಬಹುದು. ಮೊಳೆಯದಿದ್ದರೆ ಮತ್ತೆ ಡಬ್ಬಿಗೆ ಹಾಕಿ ಮುಚ್ಚಬೇಕು, ಅದು ಇನ್ನೂ ನಮ್ಮದೇ.